ಬೀಗರಿಬ್ಬರೂ ಆರಾಮ

ಅಂದಾನಪ್ಪನವರು ಮೂತ್ರರೋಗ ತಜ್ಞರ ಎದುರು ಸ್ಟೂಲಿನ ಮೇಲೆ ಕೂತರು. ಮುಂದಿನ ಸರದಿಯವರನ್ನೂ ಒಳಗೇ ಬೆಂಚಿನ ಮೇಲೆ ಕೂರಿಸಿಕೊಳ್ಳುವುದು ಆ ಡಾಕ್ಟರ ಪದ್ಧತಿ. ಅವರ ಸಮಯ ಅಷ್ಟು ಅಮೂಲ್ಯ. ಇವತ್ತು ಬೆಂಚಿನ ಮೇಲಿದ್ದವರು ಸಾಕ್ಷಾತ್ ಬೀಗರು, ಮಗಳ ಮಾವ. ಅಂದಾನಪ್ಪನವರ ನಾಲಿಗೆಯ ತುದಿಗೆ ಬಂದಿದ್ದ ನಿಜ ಹಾಗೇ ಒಳಗೆ ಹೋಯಿತು.

“ರಾತ್ರಿ ಎಷ್ಟ ಸಲ ಏಳ್ತೀರಿ?” ಡಾಕ್ಟರು ಓಣಿಗೆಲ್ಲ ಕೇಳುವಂತೆ ವಿಚಾರಿಸಿದರು.

“ಏಳೂದೆಲ್ಲಿದ್ರಿ, ಬೆಳತನಕ ಗಡದ್ದ ನಿದ್ದಿ.”

“ತಡಕೊಳ್ಳಾಕ ಆಗದ ಧೋತರ ಹಸಿ ಆಗತೈತೇನು?”

“ಛೇ, ಅಂಥಾದ್ದೇನಿಲ್ರಿ.”

“ಮತ್ತ ಯಾಕ ಬಂದ್ರಿ?”

“ನಿಮ್ಮನ್ನ ಮಾತಾಡಿಸಿ ಹೋಗೂಣಂತ ಬಂದೆ.”

ಹೋದ ಸಲ ತಾವು ಬರೆದುಕೊಟ್ಟ ಗುಳಿಗೆಯ ಮಹಿಮೆಗೆ ತಾವೇ ತಲೆದೂಗಿದ ಡಾಕ್ಟರು, ಜೀವನದ ಗುಣಮಟ್ಟ ಅತ್ಯುತ್ತಮ ಎಂದು ಘೋಷಿಸಿ ಗುಳಿಗೆ ನಿಲ್ಲಿಸಿದರು. ಅಂದಾನಪ್ಪನವರು ಮರ್ಯಾದೆಗೆಂದು ಬಾಗಿಲಲ್ಲಿ ಕಾದರು. ಅವರೆದುರಿಗೆ ಬೀಗರೂ ಅವೇ ಉತ್ತರ ಕೊಟ್ಟು ಅದೇ ಬಿರುದು ಪಡೆದರು.

ಇಬ್ಬರೂ ಮಕ್ಕಳ ಕ್ಷೇಮ ಮಾತಾಡುತ್ತ, ಮಾತಿಗಿಂತ ಬೇಗ ಹೆಜ್ಜೆ ಹಾಕುತ್ತ, ಮೂಲೆಯ ಶೌಚಾಲಯದ ಮುಂದೆ ನಿಂತರು. ಇದ್ದದ್ದು ಒಂದೇ ಬಾಗಿಲು.

“ಮೊದಲ ನೀವು ಹೋಗ್ರಿ ಬೀಗರ, ಗಂಡಿನ ಕಡೆಯವರು.”

“ಛೇ ಛೇ, ಹಿರ್ಯಾರು ನೀವು.”

“ನನಗೇನ ಅವಸರಿಲ್ರಿ.”

“ನನಗರ ಏನೈತ್ರಿ.”

ಉಪಚಾರ ಮುಗಿಯುವ ಹೊತ್ತಿಗೆ ಇಬ್ಬರಿಗೂ ಒಳಗೆ ಹೋಗುವ ಅಗತ್ಯವೇ ಉಳಿದಿರಲಿಲ್ಲ.