ಹನ್ನೆರಡನೆಯ ಹಾಡಿನ ಜಾಗ

ಹೊಳೆಯ ನಡುವೆ, ಮಡು ಶುರುವಾಗುವಲ್ಲಿ, ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿದ. ದೋಣಿ ತಾನಾಗಿಯೇ ಒಂದಿಷ್ಟು ಮುಂದೆ ಸರಿದು ಸುಮ್ಮನಾಯಿತು.

"ಇಲ್ಲಿ ಆಳ ಎಷ್ಟಿದೆ, ಯಜಮಾನ್ರೇ?" ಛಾಯಾಗ್ರಾಹಕಿ ಕೇಳಿದಳು.

"ಅಳೆಯೋಕೆ ಇಳಿದವರು ಯಾರೂ ಬಂದು ಹೇಳಿಲ್ಲಮ್ಮ," ಎಂದು ಮುದುಕ ನಕ್ಕ.

ದಡದಲ್ಲಿ ಚಹಾ ಅಂಗಡಿಯವಳು ಅವಳನ್ನು ಬದಿಗೆ ಕರೆದು ಎಚ್ಚರಿಸಿದ್ದಳು. ಈ ಮುದುಕನಿಗೆ ಮೂಗಿನ ತುದಿಯಲ್ಲೇ ಕೋಪ, ಒಬ್ಬಳೇ ಹೋಗಬೇಡ, ಮೋಟಾರು ದೋಣಿಯವನನ್ನು ಕೇಳು ಎಂದಿದ್ದಳು. ಮೋಟಾರು ಅದುರಿದರೆ ಚಿತ್ರ ಕೆಡುತ್ತದೆಂದು ಇವಳು ಹಟ ಹಿಡಿದು ಮುದುಕನನ್ನೇ ಹೊರಡಿಸಿದ್ದಳು. ದೋಣಿಯಲ್ಲಿ ಇದ್ದದ್ದು ಒಂದೇ ಲೈಫ್ ಜಾಕೆಟ್. ಅದನ್ನು ಆತ ಮಡಚಿ ತನ್ನ ಹಲಗೆಯ ಮೇಲೆ ಹಾಕಿಕೊಂಡು ಕೂತಿದ್ದ.

ನಾಲ್ಕು ವರ್ಷಗಳಿಂದ ಅವಳದು ಇದೇ ಕೆಲಸ. ಹೆಂಗಸರು ಕೊಲೆಯಾಗುವ ಜನಪದ ಹಾಡುಗಳನ್ನು ಕಲೆಹಾಕುವುದು, ಹಾಡಿನ ಜಾಗ ಹುಡುಕಿ ಹೋಗುವುದು, ಅಲ್ಲಿನ ನೆಲ, ನೀರು, ಆಕಾಶವನ್ನಷ್ಟೇ ಸೆರೆಹಿಡಿಯುವುದು. ಸೊಸೆಯನ್ನು ನೂಕಿದ ಬಾವಿ. ಅಣ್ಣ ತಂಗಿಯನ್ನು ಕರೆದೊಯ್ದ ಬಂಡೆ. ಚಿತ್ರದಲ್ಲಿ ಮನುಷ್ಯರಿಲ್ಲ, ಕೆಳಗೆ ಹಾಡಿನ ಒಂದು ಸಾಲು. ಪ್ರದರ್ಶನಕ್ಕೆ ಬಂದವರು ಎಂಥ ಚೆಂದದ ಜಾಗ ಎನ್ನುತ್ತ ಹತ್ತಿರ ಹೋಗುತ್ತಿದ್ದರು. ಸಾಲು ಓದಿದ ಮೇಲೆ ಮಾತು ನಿಂತುಹೋಗುತ್ತಿತ್ತು. ಹನ್ನೊಂದು ಮುಗಿದಿದ್ದವು. ಹನ್ನೆರಡನೆಯದು ಈ ಮಡು. ಆ ಹಾಡನ್ನು ಮಾತ್ರ ಈ ಕಡೆ ಯಾರೂ ಕೇಳಿದವರಿರಲಿಲ್ಲ.

ಮೋಡ ಕವಿದ ಬೆಳಗು. ನೆರಳೇ ಬೀಳದ ಬೂದಿ ಬಣ್ಣದ ಬೆಳಕು. ಗಾಳಿ ನಿಂತು ನೀರು ತಿಳಿಯಾಗಲೆಂದು ಅವಳು ಕಾದಳು. ಕ್ಯಾಮೆರಾ ಕಣ್ಣಿಗೆ ಹಿಡಿದಾಗಲೂ ಮುದುಕನಿಗೆ ಬೆನ್ನು ಮಾಡಲಿಲ್ಲ.

ಇಂಥ ಹಾಡುಗಳೆಲ್ಲ ಕೆಲಸವಿಲ್ಲದ ಹೆಂಗಸರು ಕಟ್ಟಿದ ಕಟ್ಟುಕಥೆ ಎಂದು ಆತ ಗೊಣಗಿದ. ತಾನೂ ಕಟ್ಟಿಕೊಂಡವಳನ್ನು ಇದೇ ಹೊಳೆಗೆ ಕಳೆದುಕೊಂಡವನು. ದಡದಲ್ಲಿ ಬಟ್ಟೆ ಒಗೆಯುವಾಗ ಕಾಲು ಜಾರಿತು, ಮೂರು ದಿನ ಹುಡುಕಿದರೂ ಸಿಗಲಿಲ್ಲ. ಹಾಡು ಕಟ್ಟುವುದಾದರೆ ಅಂಥ ಸಂಕಟಕ್ಕೆ ಕಟ್ಟಬೇಕು ಎಂದ. ಅದಾಗಿ ಎಷ್ಟು ಕಾಲವಾಯಿತೆಂದು ಅವಳು ಕೇಳಿದಳು. ನಲವತ್ತು ವರ್ಷವಾಗುತ್ತ ಬಂತು ಎಂದ.

"ಸರಿ, ನಿಮ್ಮ ಹಾಡು ಹೇಳಿ, ಕೇಳೋಣ," ಎಂದು ಮುದುಕನೇ ಅಂದ.

ಅವಳು ಸಣ್ಣ ದನಿಯಲ್ಲಿ ಶುರುಮಾಡಿದಳು. ಗಂಡ ಹೆಂಡತಿಯನ್ನು ತವರಿಗೆ ಬಿಟ್ಟುಬರುತ್ತೇನೆಂದು ದೋಣಿ ಹತ್ತಿಸಿದ ಕಥೆ. ಮುದುಕ ತಲೆದೂಗುತ್ತ ಹಲಗೆಯ ಮೇಲೆ ಬೆರಳಿಂದ ತಾಳ ಹಾಕುತ್ತಿದ್ದ. ಹಾಡಿನ ದೋಣಿ ಮಡುವಿಗೆ ಬಂದಾಗ ತಾಳ ತಪ್ಪಿತು. ಅವಳು ನಿಲ್ಲಿಸಲಿಲ್ಲ.

"ನೀರುಪಾಲಾದಾವು, ಬಳೆ ಬಿಚ್ಚಿ ಕೊಡು ಅಂದ,
ಬಳೆಯ ಇಸಕೊಂಡು ಮಡದೀಯ ತಳ್ಳಿದ."

ಮುದುಕ ಎದ್ದು ನಿಂತ. ದೋಣಿ ಒಂದು ಕಡೆ ವಾಲಿತು. ಅವಳು ಒಂದು ಕೈಯಿಂದ ಅಂಚನ್ನು ಬಿಗಿಹಿಡಿದಳು. ಹುಟ್ಟು ಅವನ ಎರಡೂ ಕೈಯಲ್ಲಿತ್ತು, ನೀರಿನಿಂದ ಮೇಲೆ. ದಡ ದೂರವಿತ್ತು, ಅಂಗಡಿಯ ಹೊಗೆಯೊಂದು ಬಿಟ್ಟರೆ ಅಲ್ಲೇನೂ ಕಾಣುತ್ತಿರಲಿಲ್ಲ.

"ಆ ಬಳೆ ಮಾತು ಯಾರೇ ನಿನಗೆ ಹೇಳಿದ್ದು?" ಅವನ ದನಿ ಒಡೆದಿತ್ತು. "ಅದು ಯಾರಿಗೂ ಗೊತ್ತಿಲ್ಲ. ಅವತ್ತು ದೋಣೀಲಿ ಇದ್ದದ್ದು ನಾವಿಬ್ಬರೇ."

ಅವಳು ಕ್ಯಾಮೆರಾ ಕೆಳಗಿಳಿಸಿ, ಮೊದಲ ಸಲ ಅವನ ಮುಖವನ್ನು ನೆಟ್ಟು ನೋಡಿದಳು.

"ಇಬ್ಬರಲ್ಲ, ಮೂವರು. ಅಮ್ಮನ ಹೊಟ್ಟೇಲಿ ನಾನೂ ಇದ್ದೆ."