ಟಾರ್ಪಾಲಿನ ಕೆಳಗಿನ ಎಂಜಿನ್

ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಟರ್ ಬಂದಾಗ ದೋಣಿಕಟ್ಟೆಯ ಶೆಡ್ಡಿನಲ್ಲಿ ಎರಡು ಡೀಸೆಲ್ ಎಂಜಿನ್‌ಗಳಿದ್ದವು. ಒಂದು ಹೊಸದಾಗಿ ಹಸಿರು ಬಣ್ಣ ಬಳಿಸಿಕೊಂಡು ಬಾಗಿಲ ಬಳಿ ನಿಂತಿತ್ತು. ಇನ್ನೊಂದು ಮೂಲೆಯಲ್ಲಿ, ಟಾರ್ಪಾಲಿನ ಕೆಳಗೆ. ಮೂರನೆಯದು ಹೊರಗೆ ಲಾರಿಯ ಮೇಲಿತ್ತು. ಹೊಗೆ ಕಡಿಮೆ ಮಾಡುವ ಯೋಜನೆಯಲ್ಲಿ ಸರ್ಕಾರ ಕೊಡುತ್ತಿದ್ದ ಹೊಸ ಎಂಜಿನ್ ಅದು. ಷರತ್ತು ಒಂದೇ: ದೋಣಿಯ ಹಳೆಯ ಎಂಜಿನ್ ಮತ್ತೆಂದೂ ಓಡದಂತೆ, ಇನ್‌ಸ್ಪೆಕ್ಟರ್ ಕಣ್ಣೆದುರೇ ಅದರ ಒಡಲಿಗೆ ತೂತು ಕೊರೆಯಬೇಕು.

“ಇದೇ ಮೇಡಂ,” ಎಂದು ಚಿಕ್ಕಪ್ಪ ಬಾಗಿಲ ಬಳಿಯದನ್ನು ತೋರಿಸಿದರು. ಜನರನ್ನು ನದಿ ದಾಟಿಸುವ ದೋಣಿ ನಡೆಸುವವಳು ಅವರ ಅಣ್ಣನ ಮಗಳು. ಎಂಜಿನ್ ನೋಡಿಕೊಳ್ಳುವವರು ಅವರು. “ಅಣ್ಣ ಕೊಂಡ ದಿನದಿಂದ ಇದರ ನಟ್ಟು ಬೋಲ್ಟೆಲ್ಲ ನನ್ನ ಕೈಯಲ್ಲೇ. ಬೇಗ ಕೊರೆದು ಮುಗಿಸಿಬಿಡಿ, ನನ್ನಿಂದ ನೋಡೋಕಾಗಲ್ಲ.”

ಇನ್‌ಸ್ಪೆಕ್ಟರ್ ಎಂಜಿನ್ ಮುಟ್ಟಿದಳು. ಬೆರಳಿಗೆ ಹಸಿರು ಅಂಟಿತು. “ಚೆನ್ನಾಗಿ ಸಿಂಗಾರ ಮಾಡಿದ್ದೀರಿ.”

“ಕೊನೇ ದಿನ ಅಲ್ವಾ ಮೇಡಂ.”

“ಸರಿ, ಸ್ಟಾರ್ಟ್ ಮಾಡಿ.”

“ಸ್ಟಾರ್ಟಾ? ನೀವು ಕೊರೆಯೋಕೆ ತಾನೇ ಬಂದಿದ್ದು?”

“ಓಡೋ ಎಂಜಿನ್ ಆದ್ರೆ ಮಾತ್ರ ಕೊರೀತೀವಿ. ಸತ್ತಿದ್ದನ್ನ ಮತ್ತೆ ಸಾಯಿಸಿದ್ರೆ ಯಾವ ಹೊಗೆ ಕಡಿಮೆಯಾಗುತ್ತೆ?”

ಚಿಕ್ಕಪ್ಪ ಲೆಕ್ಕ ಹಾಕದೇ ಬಿಟ್ಟಿದ್ದು ಇದೊಂದನ್ನೇ. ಬಣ್ಣ ಬಳಿಸಿಕೊಂಡದ್ದು ದೋಣಿಯ ಎಂಜಿನ್ ಅಲ್ಲ, ಅವರ ಮನೆಯ ಹಿತ್ತಲಲ್ಲಿ ಮರ ಕೊಯ್ಯುವ ಗರಗಸದ್ದು. ಅಣ್ಣ ತಮ್ಮ ಒಟ್ಟಿಗೆ ಕೊಂಡಿದ್ದ ಜೋಡಿ ಎಂಜಿನ್‌ಗಳಲ್ಲಿ ಒಂದು. ಮಳೆಗಾಲದಲ್ಲಿ ಕೆಟ್ಟು ನಿಂತದ್ದು ಮತ್ತೆ ಏಳಲಿಲ್ಲ. ಅದಕ್ಕೆ ತೂತು ಬಿದ್ದರೆ, ಟಾರ್ಪಾಲಿನ ಕೆಳಗಿರುವ ದೋಣಿಯ ಎಂಜಿನ್ ಗರಗಸಕ್ಕೆ ಹೋಗಬಹುದು. ಹಿಂದಿನ ಸಂಜೆ ಅವರು ಈ ಉಪಾಯ ಹೇಳಿದಾಗ ಅಣ್ಣನ ಮಗಳು ನಕ್ಕಿದ್ದಳು. ಬೇಡ ಅಂದಿರಲಿಲ್ಲ.

ಚಿಕ್ಕಪ್ಪ ಹ್ಯಾಂಡಲ್ ಹಾಕಿ ತಿರುಗಿಸಿದರು. ಎಂಜಿನ್ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿದರು. “ಚಳಿಗೆ ಹಿಡಿದುಕೊಂಡಿದೆ ಮೇಡಂ.”

“ಈ ಸೆಕೆಯಲ್ಲಾ?” ಇನ್‌ಸ್ಪೆಕ್ಟರ್ ಸ್ಟೂಲಿನ ಮೇಲೆ ಕೂತಳು. “ಇನ್ನೂ ಪ್ರಯತ್ನ ಮಾಡಿ, ಕಾಯ್ತೀನಿ. ಆಗಲೇ ಇಲ್ಲ ಅಂದ್ರೆ ಲಾರಿ ಮುಂದಿನ ಕಟ್ಟೆಗೆ ಹೋಗುತ್ತೆ. ಅಲ್ಲೂ ಜನ ಕೇಳ್ತಿದ್ದಾರೆ.”

ಅಣ್ಣನ ಮಗಳು ಲಾರಿಯ ಕಡೆ ನೋಡಿದಳು. ಆಮೇಲೆ ಮೂಲೆಗೆ ನಡೆದು ಟಾರ್ಪಾಲನ್ನು ಎಳೆದು ಹಾಕಿದಳು. “ಮೇಡಂ, ದೋಣಿಯದು ಇದು.”

“ಏನೇ ಮನೆಹಾಳಿ!” ಚಿಕ್ಕಪ್ಪ ಹಲ್ಲು ಕಡಿದರು. “ನನ್ನ ಗರಗಸದ ಗತಿ?”

“ಇದನ್ನ ಅಲ್ಲಿಗೆ ಹಾಕಿದ್ರೆ ನದಿ ಮೇಲಿನ ಹೊಗೆ ಚಿಕ್ಕಮ್ಮನ ಅಡುಗೆಮನೆಗೆ ಹೋಗುತ್ತೆ, ಅಷ್ಟೇ. ಗರಗಸ ಮಾರಿಬಿಡಿ, ದೋಣಿಗೆ ಬನ್ನಿ.”

“ಹೊಸದು ಕೆಡೋದೇ ಇಲ್ಲವಂತಲ್ಲ! ಕೆಡದ ಎಂಜಿನ್ ಮುಂದೆ ಕೂತು ನಾನು ನೊಣ ಹೊಡೀಲಾ?”

“ಏನಾದ್ರೂ ಕೆಲಸ ಹುಟ್ಟುತ್ತೆ. ಮೊದಲು ಇದನ್ನ ಸ್ಟಾರ್ಟ್ ಮಾಡಿ ಚಿಕ್ಕಪ್ಪ.”

ಅವರು ಮುಖ ಗಂಟಿಕ್ಕಿಕೊಂಡೇ ಹ್ಯಾಂಡಲ್ ತಿರುಗಿಸಿದರು. ಎಂಜಿನ್ ಒಂದೇ ಏಟಿಗೆ ಎದ್ದಿತು. ತಗಡಿನ ಛಾವಣಿ ನಡುಗಿತು. ಹೊಗೆಕೊಳವೆಯಿಂದ ಕಪ್ಪು ಹೊಗೆ ಉಕ್ಕಿ ಶೆಡ್ಡು ತುಂಬಿತು. ಇನ್‌ಸ್ಪೆಕ್ಟರ್ ಕರವಸ್ತ್ರ ಮೂಗಿಗೆ ಹಿಡಿದು ಹೊರಗೋಡಿದಳು. ಚಿಕ್ಕಪ್ಪ ಕೋಪ ಮರೆತು ಅವಳ ಹಿಂದೆಯೇ ಬಂದು ಕೂಗಿದರು: “ಕೇಳಿ ಮೇಡಂ, ಸದ್ದು ಅಂದ್ರೆ ಇದು! ಆಚೆ ದಡದವರು ಇದನ್ನ ಕೇಳಿದ ಮೇಲೇ ಮನೆ ಬಿಡೋದು. ಗಡಿಯಾರ ನೋಡೋರು ಒಬ್ಬರೂ ಇಲ್ಲ!”

“ಕೇಳಿಸ್ತು, ನಿಲ್ಲಿಸಿ!” ಎಂದಳು ಇನ್‌ಸ್ಪೆಕ್ಟರ್.

ಎಂಜಿನ್ ಆರಿದ ಮೇಲೆ ಅವಳು ಲಾರಿಯಿಂದ ಡ್ರಿಲ್ ತರಿಸಿದಳು. “ಕೊಡಿ, ನಾನೇ ಕೊರೀತೀನಿ. ಇದರ ಮೇಲೆ ಬೇರೆಯವರ ಕೈ ಬೀಳೋದು ಬೇಡ,” ಎಂದರು ಚಿಕ್ಕಪ್ಪ. ಅವಳು ಕ್ಯಾಮೆರಾ ತೆಗೆಯುವಷ್ಟರಲ್ಲಿ ಸೀಮೆಸುಣ್ಣದಿಂದ ದುಂಡಗೆ ಗುರುತನ್ನೂ ಹಾಕಿದರು. ಮುಖ ಇದ್ದಕ್ಕಿದ್ದಂತೆ ಗೆಲುವಾಗಿತ್ತು.

ಅಣ್ಣನ ಮಗಳು ಆ ಮುಖವನ್ನು ನೋಡಿದಳು. ಗುರುತನ್ನು ಅಂಗೈಯಿಂದ ಒರೆಸಿ, ಗೇಣು ಮೇಲೆ, ಪಿಸ್ಟನ್ ಓಡಾಡುವ ಜಾಗದಲ್ಲಿ ಇನ್ನೊಂದು ಬರೆದಳು. “ಮೇಡಂ, ಕೆಳಗೆ ಕೊರೆದ್ರೆ ನಮ್ಮ ಚಿಕ್ಕಪ್ಪ ಇದನ್ನ ಗುಜರಿಯಿಂದ ವಾಪಸ್ ಕೊಂಡು ತಂದು ಒಂದು ವಾರದಲ್ಲಿ ಬೆಸುಗೆ ಹಾಕಿ ಓಡಿಸಿಬಿಡ್ತಾರೆ. ಅಷ್ಟು ಗಟ್ಟಿಗರು ಅವರು.”

ಇನ್‌ಸ್ಪೆಕ್ಟರ್ ನಕ್ಕಳು. ಚಿಕ್ಕಪ್ಪನಿಗೆ ಇದು ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ. “ಇವಳಿಗೆ ಕೆಲಸ ಕಲಿಸಿದ್ದು ನಾನೇ,” ಎಂದು ಗೊಣಗಿ ಹೊಸ ಗುರುತಿನ ಮೇಲೆ ಡ್ರಿಲ್ ಒತ್ತಿದರು. ಕಬ್ಬಿಣದ ಪುಡಿ ಕಾಲ ಮೇಲೆ ಸುರಿಯಿತು. ಕೊನೆಗೆ ತೂತಿನೊಳಗೆ ಬೆರಳಾಡಿಸಿ ನೋಡಿ, “ಇನ್ನು ಯಾರಪ್ಪ ಬಂದ್ರೂ ಓಡಲ್ಲ, ಬರ್ಕೊಳ್ಳಿ,” ಎಂದರು. ಹೊಸ ಎಂಜಿನ್ ಇಳಿಯಿತು, ಹಳೆಯದು ಗುಜರಿಗೆ ಹೋಗಲು ಲಾರಿ ಹತ್ತಿತು. ಹೊಗೆಕೊಳವೆ ಲೆಕ್ಕಕ್ಕಿಲ್ಲವೆಂದು ಇನ್‌ಸ್ಪೆಕ್ಟರ್ ಅದನ್ನು ಅಲ್ಲೇ ಬಿಟ್ಟಳು.

ಹೊಸ ಎಂಜಿನ್ ಕೂರಿಸಿದ ಮೇಲೆ, ಮೊದಲ ಬೆಳಿಗ್ಗೆ ಆರು ಗಂಟೆಗೆ ದೋಣಿ ಆಚೆ ದಡ ಮುಟ್ಟಿದಾಗ ಅಲ್ಲಿ ಒಬ್ಬರೂ ಇರಲಿಲ್ಲ. ಅದು ಬಂದದ್ದು ಯಾರಿಗೂ ಕೇಳಿಸಿರಲಿಲ್ಲ. ಎರಡನೇ ಸರದಿಗೆ ಚಿಕ್ಕಪ್ಪ ದೋಣಿ ಹತ್ತಿದರು; ಹಳೆಯ ಹೊಗೆಕೊಳವೆಯನ್ನು ಮುಂತುದಿಗೆ ಹಗ್ಗದಲ್ಲಿ ತೂಗುಹಾಕಿ, ಆಚೆ ದಡ ಮುಟ್ಟುವವರೆಗೂ ಸುತ್ತಿಗೆಯಿಂದ ಬಡಿದರು.