ಗೋಡೆಯ ಮೇಲಿನ ನಲವತ್ತಮೂರು ಫಿಲ್ಟರ್‌ಗಳು

ಬಳ್ಳಾರಿ ಬೈಪಾಸಿನ ಆ ಸಣ್ಣ ಗ್ಯಾರೇಜಿನ ಗೋಡೆ ಕಂಡವರೆಲ್ಲ ಒಮ್ಮೆ ನಿಂತು ನೋಡುತ್ತಿದ್ದರು...

ಮೊಳೆಗಳಿಗೆ ನೇತುಹಾಕಿದ ಏರ್ ಫಿಲ್ಟರ್‌ಗಳು. ಕೆಂಪು, ನೀಲಿ, ಬೆಳ್ಳಿ ಬಣ್ಣದವು, ಐಸ್‌ಕ್ರೀಮ್ ಕೋನ್ ಆಕಾರದವು. ಪ್ರತಿಯೊಂದರ ಕೆಳಗೂ ಸೀಮೆಸುಣ್ಣದಲ್ಲಿ ಒಂದು ಗಾಡಿ ನಂಬರ್, ಒಂದು ತಾರೀಕು.

ಒಟ್ಟು ನಲವತ್ತೆರಡು.

"ಏನ್ ಲೀಲಕ್ಕ, ತೋರಣ ಕಟ್ಟೀಯೇನು?" ಎಂದು ಡ್ರೈವರ್‌ಗಳು ನಗುತ್ತಿದ್ದರು.

"ಹೌದಪ್ಪ, ಒಬ್ಬರು ದೊಡ್ಡೋರು ಬರೋರದಾರ. ಅವರ ಸ್ವಾಗತಕ್ಕ," ಎನ್ನುತ್ತಿದ್ದಳು ಶಿವಲೀಲಾ. ಅವಳು ಮಾತ್ರ ನಗುತ್ತಿರಲಿಲ್ಲ.

ಬರಬೇಕಾದವರು ಗಾದಿಲಿಂಗಪ್ಪ. ಊರಿನ ದೊಡ್ಡ ಗ್ಯಾರೇಜಿನ ಮಾಲೀಕರು.

ಒಂಬತ್ತು ವರ್ಷದ ಹಿಂದೆ ಅವಳ ಅಪ್ಪ ಕೊಟ್ರಬಸಪ್ಪ ಅಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದರು. ಪ್ರತಿ ಆಯುಧಪೂಜೆಗೆ ಮಾಲೀಕರು ಕೆಲಸಗಾರರಿಗೆ ಗ್ಯಾರೇಜಿನ ಹೆಸರು ಹೊಲಿಸಿದ ಹೊಸ ಅಂಗಿ ಕೊಡುತ್ತಿದ್ದರು. ಅಪ್ಪನಿಗೆ ಅಂಥ ಇಪ್ಪತ್ತೆರಡು ಅಂಗಿ ಬಂದಿದ್ದವು.

ಆ ವರ್ಷ ಮಾಲೀಕರಿಗೆ ಹೊಸ ಹುಚ್ಚು. ಕಾರಿನ ಮುಚ್ಚಿದ ಫಿಲ್ಟರ್ ಡಬ್ಬಿ ಕಿತ್ತು, ಬಾನೆಟ್ ಒಳಗೆ ಬಯಲಾಗಿ ಕೋನ್ ಫಿಲ್ಟರ್ ಕೂರಿಸುವುದು. ರೇಸ್ ಕಾರಿನಂಥ ಸದ್ದು ಬರುತ್ತದೆ, ಗಿರಾಕಿಗೆ ಖುಷಿ.

"ಬ್ಯಾಡ್ರೀ ಧಣೇರ. ನಮ್ಮೂರ ಬಿಸಿಲಿಗೆ ಎಂಜಿನ್ ತನ್ನ ಬಿಸಿಗಾಳಿ ತಾನಾ ಕುಡೀತೈತಿ," ಎಂದಿದ್ದರು ಅಪ್ಪ.

"ನೀ ನಟ್ಟಿಗೆ ಪಾನಾ ಹಾಕಿ ತಿರುಗಿಸು ಮಾರಾಯ. ತಲಿ ನಾ ಓಡಿಸ್ತೀನಿ."

ಹಾಗೆ ಕೋನ್ ಹಾಕಿದ ಒಂದು ಕಾರು ಮರುದಿನವೇ ಸಂಡೂರಿನ ಘಟ್ಟದಲ್ಲಿ ಕುದಿಯಿತು. ರೇಡಿಯೇಟರ್ ಪೈಪ್ ಕಿತ್ತುಬಂತು, ಎಂಜಿನ್ ಹಿಡಿದು ನಿಂತಿತು. ಹಿಂದೆ ಕೂತಿದ್ದ ಮಕ್ಕಳು ಸ್ವಲ್ಪದರಲ್ಲಿ ಉಳಿದವು...

ಆ ಪೈಪಿನ ಕ್ಲಿಪ್ ಬಿಗಿ ಮಾಡಿದ್ದು ಅಪ್ಪ.

"ಕ್ಲಿಪ್ ಸಡಿಲ ಬಿಟ್ಟಾನ ಈ ಮುದುಕ! ಆ ಅಂಗಿ ಇಲ್ಲೇ ಬಿಚ್ಚಿಟ್ಟು ಹೋಗು!" ಗಿರಾಕಿಗಳ ಮುಂದೆಯೇ ಮಾಲೀಕರು ಕೂಗಿದರು.

ಬನಿಯನ್ನಿನಲ್ಲೇ ಬಜಾರ್ ದಾಟಿ ಬಂದ ಅಪ್ಪನನ್ನು, ಆಗ ಡಿಪ್ಲೊಮಾ ಓದುತ್ತಿದ್ದ ಶಿವಲೀಲಾ ಬಾಗಿಲಲ್ಲಿ ನಿಂತು ನೋಡಿದಳು. ಅಪ್ಪ ಮತ್ತೆಂದೂ ಪಾನಾ ಮುಟ್ಟಲಿಲ್ಲ. ಮಾತೂ ಕಡಿಮೆಯಾಯಿತು.

ನಾಲ್ಕು ವರ್ಷದ ಹಿಂದೆ ಅವಳು ಸ್ವಂತ ಗ್ಯಾರೇಜ್ ತೆರೆದಳು. ಮೊದಲು ಬಂದ ಗಾಡಿಯಲ್ಲೇ ಗಾದಿಲಿಂಗಪ್ಪನವರ ಕೋನ್ ಇತ್ತು.

ಥರ್ಮಾಮೀಟರ್ ಇಟ್ಟು ನೋಡಿದಳು. ಹೊರಗೆ ಮೂವತ್ತೆಂಟು ಡಿಗ್ರಿ. ಎಂಜಿನ್ ಒಳಗೆ ಎಳೆದುಕೊಳ್ಳುತ್ತಿದ್ದ ಗಾಳಿ... ಎಪ್ಪತ್ತೊಂದು!

ಅಷ್ಟೇ ಅಲ್ಲ. ಕೋನ್‌ಗೆ ಜಾಗ ಸಾಲದೆ ಫ್ಯಾನಿನ ಸುತ್ತಲಿನ ಕವರನ್ನೇ ಯಾರೋ ಕತ್ತರಿಸಿದ್ದರು. ಫ್ಯಾನ್ ತಿರುಗಿದರೂ ರೇಡಿಯೇಟರ್ ತಣ್ಣಗಾಗುವಂತಿರಲಿಲ್ಲ. ಹಾಗಿದ್ದ ಮೇಲೆ ಯಾವ ಕ್ಲಿಪ್ ತಾನೇ ತಡೆದೀತು?

ಸಂಡೂರಿನ ಗಾಡಿಗೂ ಹೀಗೇ ಮಾಡಿರಬೇಕು, ಅಪ್ಪನ ತಪ್ಪಲ್ಲ ಎಂದು ಅವಳಿಗೆ ಅವತ್ತೇ ಗೊತ್ತಾಯಿತು.

ಕವರ್ ಬದಲಾಯಿಸಿದಳು. ಮುಚ್ಚಿದ ಡಬ್ಬಿ ಮತ್ತೆ ಕೂರಿಸಿ, ಬಂಪರ್ ಹಿಂದಿನಿಂದ ಹೊರಗಾಳಿ ಬರುವಂತೆ ಪೈಪ್ ಎಳೆದಳು. ಹೊಗೆ ಕೊಳವೆಗೂ ಡಬ್ಬಿಗೂ ನಡುವೆ ತಗಡಿನ ಮರೆ ಕಟ್ಟಿದಳು. ಎಪ್ಪತ್ತೊಂದು ನಲವತ್ನಾಲ್ಕಕ್ಕೆ ಇಳಿಯಿತು.

ಕಿತ್ತ ಕೋನ್ ಗೋಡೆಗೆ ಏರಿತು.

ಅಪ್ಪನಿಗೆ ಮಾತ್ರ ಹೇಳಲಿಲ್ಲ. ಈ ಮಾತು ಗಾದಿಲಿಂಗಪ್ಪನವರ ಬಾಯಿಂದಲೇ ಬರಬೇಕು... ಅದೇ ಜಾಗದಲ್ಲಿ, ಹತ್ತು ಜನರ ಮುಂದೆ. ಆಗಲೇ ತನ್ನ ಹೊಟ್ಟೆ ತಣ್ಣಗಾಗುವುದು!

ಒಬ್ಬೊಬ್ಬರಾಗಿ ಅವರ ಗಿರಾಕಿಗಳು ಅವಳ ಬಳಿ ಬಂದರು. ಕೊನೆಗೆ ಒಂದು ಮಧ್ಯಾಹ್ನ ಗಾದಿಲಿಂಗಪ್ಪನವರೇ ಬಂದರು.

"ನಮ್ಮ ಹುಡುಗರಿಗೆ ಯಾರಿಗೂ ತಿಳೀವಲ್ದವ್ವ. ಏರು ಬಂದ್ರ ಸಾಕು, ಗಾಡಿ ಉಸಿರು ಕಟ್ಟಿದಂಗ ಮಾಡ್ತೈತಿ."

ಬಾನೆಟ್ ಎತ್ತಿದಳು. ಅದೇ ಕೋನ್.

"ಫ್ಯಾನ್ ಕವರ್ ಕತ್ತರಿಸಿದವರು ಯಾರ್ರೀ?"

"ನಾನಾ. ಜಾಗಾ ಸಾಲ್ದಿದ್ರ ಏನ್ ಮಾಡೂದು? ಮೊದಲಿಂದ ಹಂಗಾ ಮಾಡೀನಿ."

"ಸಂಡೂರಿನ ಘಟ್ಟದಾಗ ನಿಂತ ಗಾಡೀಗೂ?"

ಅವರು ಗೋಡೆ ನೋಡಿದರು. ನಂಬರುಗಳನ್ನು ಓದಿದರು. ಮುಖ ಸಣ್ಣದಾಯಿತು.

"ನೀ... ಯಾರ ಮಗಳು?"

"ನೀವು ಅಂಗಿ ಬಿಚ್ಚಿಸಿ ಕಳಿಸಿದ್ರಲ್ಲ, ಅವರ ಮಗಳು."

ಗಾಡಿಯನ್ನು ಅವಳು ಒಂದು ಕೊರತೆಯೂ ಇಲ್ಲದಂತೆ ಸರಿ ಮಾಡಿದಳು. ನಲವತ್ತಮೂರನೆಯ ಕೋನ್ ಗೋಡೆ ಸೇರಿತು.

"ಕೂಲಿ ಬ್ಯಾಡ. ಒಂದು ಮಾತು ಬೇಕು. ನಾಳೆ ನಿಮ್ಮ ಗ್ಯಾರೇಜಿನಾಗ, ಎಲ್ಲಾರ ಮುಂದ."

"ಹೇಳ್ಲಿಲ್ಲಂದ್ರ?"

"ಆಯುಧಪೂಜಿ ದಿನ ಇವಷ್ಟೂ ನಿಮ್ಮ ಬಾಗಿಲಿಗೆ ಬರ್ತಾವ. ಕುಂಕುಮ ಹಚ್ಚಿ, ನಿಂಬಿಹಣ್ಣಿಟ್ಟು, ಒಂದೊಂದಾ ನಂಬರ್ ಕೂಗಿ ಪೂಜಿ ಮಾಡ್ತೀನಿ. ನಿಮ್ಮ ಗಿರಾಕಿಗೋಳೆಲ್ಲಾ ಅಲ್ಲೇ ಇರ್ತಾರಲ್ರೀ!"

ಮರುದಿನ ಅಪ್ಪನನ್ನು ಸ್ಕೂಟರಿನಲ್ಲಿ ಕರೆದೊಯ್ದಳು. ಆ ಗೇಟ್ ಕಂಡೊಡನೆ ಅಪ್ಪ ಅವಳ ಭುಜ ಹಿಡಿದುಕೊಂಡರು.

ಗಾದಿಲಿಂಗಪ್ಪ ಕೆಲಸಗಾರರ ಮುಂದೆ ತಲೆ ತಗ್ಗಿಸಿ ನಿಂತಿದ್ದರು. "ಕೊಟ್ರಬಸಪ್ಪ... ಫ್ಯಾನ್ ಕವರ್ ಕತ್ತರಿಸಿದಾಂವ ನಾನು. ನೀ ಮನೀಗೆ ಹೋದಮ್ಯಾಲೆ. ಅದಕ್ಕಾ ಗಾಡಿ ಕುದೀತು. ನಿಂದೇನೂ ತಪ್ಪಿದ್ದಿಲ್ಲ."

ಒಂಬತ್ತು ವರ್ಷ ಕಾದ ಗಳಿಗೆ! ಶಿವಲೀಲಾ ಹೆಮ್ಮೆಯಿಂದ ಅಪ್ಪನ ಕಡೆ ತಿರುಗಿದಳು.

ಅಪ್ಪ ಮಾಲೀಕರನ್ನು ನೋಡುತ್ತಲೇ ಇರಲಿಲ್ಲ. ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

"ಹಂಗಾದ್ರ... ನಾ ಕ್ಲಿಪ್ ಬಿಗಿ ಮಾಡಿದ್ದೆ?"

"ಹೌದಪ್ಪ."

"ಕಣ್ಣು ಮುಚ್ಚಿದ್ರ ಆ ಮಕ್ಕಳಾ ಕಾಣ್ತಿದ್ವವ್ವ... ಅಂಗಿ ಹೋದ್ರ ಹೋಗ್ಲಿ. ಈ ಕೈ ಯಾರನ್ನರ ಕೊಂದೀತು ಅಂತ ಪಾನಾ ಮುಟ್ಲಿಲ್ಲ." ಅಪ್ಪ ಮಗುವಿನಂತೆ ಅತ್ತರು. ಆಮೇಲೆ ಕೇಳಿದರು, "ನಿನಗ ಯಾವಾಗ ಗೊತ್ತಾತು?"

"ನಾಕು ವರ್ಷ... ಆತಪ್ಪ."

"ನಾಕು ವರ್ಷ," ಎಂದರು ಅಪ್ಪ. ಬೈಯಲಿಲ್ಲ. ಅಷ್ಟೇ ಅಂದರು...

ಗಾದಿಲಿಂಗಪ್ಪನವರನ್ನು ಶಿವಲೀಲಾ ಇವತ್ತಿಗೂ ಕ್ಷಮಿಸಿಲ್ಲ. ತನ್ನನ್ನೂ.

*ಸೇಡು ಎಷ್ಟು ವರ್ಷ ಬೇಕಾದರೂ ಕಾಯಲಿ... ನೊಂದವರಿಗೆ ಸಲ್ಲಬೇಕಾದ ನಿಜ ಒಂದು ದಿನವೂ ಕಾಯಬಾರದು.*

ಬೇರೆಯವರ ಬಾಯಿಂದಲೇ ಬರಲಿ ಎಂದು ನೀವು ತಡೆದಿಟ್ಟಿರುವ ಯಾವ ಮಾತು, ಇವತ್ತು ನಿಮ್ಮ ಮನೆಯವರ ಕಣ್ಣೀರು ಒರೆಸಬಹುದು?